ಅಪ್ಪನ ಅಂಗಡಿ ದುಡ್ಡು ಮತ್ತು ಕೆನಡಾದ ಆರು ಬ್ಯಾಂಕುಗಳು

ಮೂರು ತಿಂಗಳಿಂದ ಒಂದೇ ವಿಷಯ ತಲೆಯಲ್ಲಿ ಗಿರಕಿ ಹೊಡೀತಾ ಇದೆ. ಬರೆದಾದರೂ ಇಳಿಸೋಣ ಅಂತ ಕೂತಿದ್ದೇನೆ. ಷೇರು, ಬಡ್ಡಿ, ಲೆಕ್ಕ ಅಂದರೆ ಆಕಳಿಕೆ ಬರುವವರು ಈಗಲೇ ಎದ್ದು ಹೋಗಬಹುದು, ಬೇಜಾರಿಲ್ಲ :-) ಆದರೆ ಇದು ಬರೀ ಲೆಕ್ಕದ ಕತೆ ಅಲ್ಲ, ನಮ್ಮ ಅಪ್ಪನ ಕತೆಯೂ ಹೌದು.

ಉಡುಪಿ ರಥಬೀದಿಯಿಂದ ಸ್ವಲ್ಪ ಒಳಗೆ ಅಪ್ಪನದ್ದೊಂದು ಸಣ್ಣ ಅಂಗಡಿ ಇತ್ತು. ಪುಸ್ತಕ, ಪೆನ್ನು, ಬೈಂಡ್ ಶೀಟು, ಜೂನ್ ತಿಂಗಳಲ್ಲಿ ಕೊಡೆ. ಅಪ್ಪ ತೀರಿಕೊಂಡು ಎರಡು ವರ್ಷ ಆದ ಮೇಲೆ ಅಣ್ಣ, ಅಕ್ಕ, ನಾನು ಕೂತು ಮಾತಾಡಿ ಅದನ್ನು ಮಾರಿದೆವು. ಅಮ್ಮನ ಪಾಲು ತೆಗೆದಿಟ್ಟು ಉಳಿದದ್ದನ್ನು ಹಂಚಿಕೊಂಡಾಗ ನನ್ನ ಪಾಲಿಗೆ ಬಂದದ್ದು 36 ಲಕ್ಷ ರೂಪಾಯಿ. ಎಲ್ಲ ಕಾಗದಪತ್ರ ಮುಗಿದು ಇಲ್ಲಿ ಮಿಸಿಸಾಗಾದ ನನ್ನ ಖಾತೆಗೆ ಬಿದ್ದಾಗ ಅದು 58 ಸಾವಿರ ಡಾಲರ್ ಆಗಿತ್ತು. ಲಕ್ಷದಲ್ಲಿ ಇದ್ದದ್ದು ಸಾವಿರಕ್ಕೆ ಇಳಿದಾಗ ಯಾಕೋ ಮನಸ್ಸಿಗೆ ಪಿಚ್ಚೆನಿಸಿತು.

ಅಮ್ಮ ಫೋನಿನಲ್ಲಿ ಹೇಳಿದ್ದು ಒಂದೇ ಮಾತು. "ಅಪ್ಪ ನಿಂತು ನಿಂತು ಕಾಲು ಬಾತು ಮಾಡಿದ ದುಡ್ಡು ಮಾರಾಯ. ಜಾಗ್ರತೆ."

ಈ 'ಜಾಗ್ರತೆ'ಯ ಹಿಂದೆ ಒಂದು ಹಳೇ ಕತೆ ಉಂಟು. ಅಪ್ಪ ಜೀವನಪೂರ್ತಿ ಪಿಗ್ಮಿ ಕಟ್ಟಿದವರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಪಿಗ್ಮಿ ಏಜೆಂಟರು ಬರುತ್ತಿದ್ದರು, ಅಪ್ಪ ಗಲ್ಲದಿಂದ ನೋಟು ತೆಗೆದು ಕೊಡುತ್ತಿದ್ದರು, ಅವರು ಸಣ್ಣ ಪುಸ್ತಕದಲ್ಲಿ ಬರೆದುಕೊಡುತ್ತಿದ್ದರು. ಈ ಪಿಗ್ಮಿ ಅನ್ನುವುದು ನಮ್ಮೂರಿನದ್ದೇ ಸರಕು ನೋಡಿ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಶುರು ಮಾಡಿದ್ದು. ದಿನಕ್ಕೆ ಎರಡಾಣೆಯಾದರೂ ಸರಿ, ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಅಪ್ಪ ಅವತ್ತು ಊಟ ಮಾಡುವಾಗ "ಬ್ಯಾಂಕಿಗೂ ಮದುವೆ ಆಗ್ತದೆ, ಹೆಸರು ಬದಲಾಗ್ತದೆ" ಅಂದಿದ್ದರಂತೆ.

ಇಂಥ ಅಪ್ಪ ಒಂದೇ ಒಂದು ಸಲ ದಾರಿ ತಪ್ಪಿದರು. 1992ರ ಮಾರ್ಚ್. ಊರಿಡೀ ಷೇರಿನ ಮಾತು. ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ಹೇಳಿದರು ಅಂತ ಪಿಗ್ಮಿ ಮುರಿಸಿ 22 ಸಾವಿರ ರೂಪಾಯಿಯ ಷೇರು ತೆಗೆದುಕೊಂಡರು. ಏಪ್ರಿಲಿನಲ್ಲಿ ಹರ್ಷದ್ ಮೆಹ್ತಾ ಹಗರಣ ಹೊರಗೆ ಬಂತು. ಮುಂದಿನದ್ದು ನಿಮಗೆ ಗೊತ್ತೇ ಇದೆ. ಆ ಕಂಪನಿ ಆಮೇಲೆ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಸರ್ಟಿಫಿಕೇಟುಗಳು ಮಾತ್ರ ಗೋದ್ರೆಜ್ ಕಪಾಟಿನಲ್ಲಿ, ಅಮ್ಮನ ಧಾರೆ ಸೀರೆಯ ಕೆಳಗೆ, ಇವತ್ತಿಗೂ ಇವೆ. ಒಳ್ಳೇ ಕಾಗದ, ಅಂಚಿಗೆ ಹೂಬಳ್ಳಿಯ ಚಿತ್ತಾರ. ಆಮೇಲೆ ನಮ್ಮ ಮನೆಯಲ್ಲಿ ಷೇರು ಅನ್ನುವ ಶಬ್ದ ಬಂದರೆ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದರು.

ಈಗ ಅದೇ ಅಪ್ಪನ ಅಂಗಡಿಯ ದುಡ್ಡು ಹಿಡಿದುಕೊಂಡು ನಾನು ಷೇರು ತಗೊಳ್ಳಲೋ ಬೇಡವೋ ಅಂತ ಯೋಚಿಸುತ್ತಿದ್ದೇನೆ. ಪಾಪ ಪುಣ್ಯದ ಪ್ರಶ್ನೆ ಬಂದೇ ಬರುತ್ತದಲ್ಲ!

ತಲೆಗೆ ಹುಳ ಬಿಟ್ಟವರು ಬ್ರಾಂಪ್ಟನ್‌ನಲ್ಲಿರುವ ನಮ್ಮ ಹಿರಿಯ ಸ್ನೇಹಿತರೊಬ್ಬರು. ಇಲ್ಲಿಗೆ ಬಂದು 30 ವರ್ಷ ದಾಟಿದೆ. ಗಣೇಶನ ಹಬ್ಬದ ಊಟಕ್ಕೆ ಹೋಗಿದ್ದಾಗ ನಾನು ಎಂದಿನಂತೆ ಬ್ಯಾಂಕಿನವರನ್ನು ಬೈಯುತ್ತಿದ್ದೆ. ಖಾತೆ ಇಟ್ಟಿದ್ದಕ್ಕೆ ತಿಂಗಳ ಫೀಸು, ಇನ್ನೊಬ್ಬರ ಮೆಷಿನ್ನಿನಿಂದ ದುಡ್ಡು ತೆಗೆದರೆ ಅದಕ್ಕೊಂದು ಫೀಸು. ಅವರು ಹೋಳಿಗೆ ಮುರಿಯುತ್ತಾ ಹೇಳಿದರು, "ಫೀಸು ಕೊಟ್ಟು ಬೈಯ್ಯೋದಕ್ಕಿಂತ ಅವರ ಷೇರು ತಗೊಂಡು ಆ ಫೀಸಲ್ಲಿ ಪಾಲು ಕೇಳಬೇಕು ಕಣ್ರೀ. ನಾನು ತೊಂಬತ್ತರ ದಶಕದಲ್ಲಿ ತಗೊಂಡಿದ್ದು, ಇನ್ನೂ ಮಾರಿಲ್ಲ."

ಮನೆಗೆ ಬಂದು ಓದತೊಡಗಿದೆ. ಓದಿದಷ್ಟೂ ಕುತೂಹಲ ಹೆಚ್ಚಾಯಿತು.

ಕೆನಡಾದಲ್ಲಿ ಬ್ಯಾಂಕುಗಳು ಎಷ್ಟೋ ಇವೆ. ಆದರೆ ಜನ ಬ್ಯಾಂಕು ಅಂದರೆ ಆರು: ರಾಯಲ್ ಬ್ಯಾಂಕ್, ಟಿಡಿ, ಬ್ಯಾಂಕ್ ಆಫ್ ಮಾಂಟ್ರಿಯಲ್, ಸ್ಕೋಶಿಯಾಬ್ಯಾಂಕ್, ಸಿಐಬಿಸಿ, ನ್ಯಾಷನಲ್ ಬ್ಯಾಂಕ್. ಟೊರಾಂಟೊದ ಬೇ ಸ್ಟ್ರೀಟು, ಕಿಂಗ್ ಸ್ಟ್ರೀಟು ಸೇರುವ ಮೂಲೆಯಲ್ಲಿ ನಿಂತು ಕತ್ತೆತ್ತಿದರೆ ಇವುಗಳ ಗೋಪುರಗಳೇ. ರಾಯಲ್ ಬ್ಯಾಂಕ್ ಪ್ಲಾಜಾದ ಗಾಜಿಗೆ ನಿಜವಾದ ಚಿನ್ನದ ಲೇಪ ಕೊಟ್ಟಿದ್ದಾರೆ, ತಮಾಷೆ ಅಲ್ಲ. ಬೆಳಗಿನ ರೈಲಿನಲ್ಲಿ ಯೂನಿಯನ್ ಸ್ಟೇಷನ್ನಿನಲ್ಲಿಳಿದು ಕೆಲಸಕ್ಕೆ ಹೋಗುವಾಗ ಬಿಸಿಲು ಬಿದ್ದರೆ ನಮ್ಮ ಮಠದ ಉತ್ಸವದ ಚಿನ್ನದ ರಥ ನೆನಪಾಗುತ್ತದೆ.

ಇವರ ವಯಸ್ಸು ನೋಡಿ. ಬ್ಯಾಂಕ್ ಆಫ್ ಮಾಂಟ್ರಿಯಲ್ ಹುಟ್ಟಿದ್ದು 1817ರಲ್ಲಿ, ಅಂದರೆ ಕೆನಡಾ ಅನ್ನುವ ದೇಶಕ್ಕಿಂತ 50 ವರ್ಷ ದೊಡ್ಡದು. 1829ರಿಂದ ಇವತ್ತಿನವರೆಗೆ ಒಂದು ವರ್ಷವೂ ತಪ್ಪದೆ ಡಿವಿಡೆಂಡ್ ಕೊಟ್ಟಿದೆ. ಸ್ಕೋಶಿಯಾಬ್ಯಾಂಕ್ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ 1832ರಲ್ಲಿ ಶುರುವಾಗಿ ಮರುವರ್ಷದಿಂದಲೇ ಕೊಡುತ್ತಾ ಬಂದಿದೆ. ಎರಡು ಮಹಾಯುದ್ಧ, ಪ್ಲೇಗು, ಫ್ಲೂ, ಕೊರೋನಾ ಎಲ್ಲ ಮುಗಿಸಿಕೊಂಡು ಬಂದವರು. 1930ರ ದಶಕದ ಮಹಾ ಕುಸಿತದಲ್ಲಿ ಪಕ್ಕದ ಅಮೆರಿಕದಲ್ಲಿ ಸುಮಾರು 9 ಸಾವಿರ ಬ್ಯಾಂಕುಗಳು ಮುಳುಗಿದವು. ಕೆನಡಾದಲ್ಲಿ ಮುಳುಗಿದ್ದು ಸೊನ್ನೆ.

ಯಾಕೆ ಹೀಗೆ ಅಂತ ನೋಡಿದರೆ ಪವಾಡ ಏನಿಲ್ಲ. ಅಮೆರಿಕದಲ್ಲಿ ಆಗ ಊರಿಗೊಂದು ಪುಟ್ಟ ಬ್ಯಾಂಕು. ಊರಿನ ಬೆಳೆ ಹೋದರೆ ಬ್ಯಾಂಕೂ ಹೋಯಿತು. ಇಲ್ಲಿ ಮೊದಲಿನಿಂದಲೂ ಕೆಲವೇ ದೊಡ್ಡ ಬ್ಯಾಂಕು, ದೇಶದ ತುಂಬಾ ಶಾಖೆ. ಗೋಧಿ ಕೈಕೊಟ್ಟರೆ ಮೀನು, ಮೀನು ಕೈಕೊಟ್ಟರೆ ಮರ. ಮೇಲಿಂದ ನೋಡಿಕೊಳ್ಳುವ ಅಧಿಕಾರಿಗಳು ಬಿಗಿ. ಮನೆ ಕೊಳ್ಳುವಾಗ ಶೇ. 20ಕ್ಕಿಂತ ಕಡಿಮೆ ಕೈದುಡ್ಡು ಹಾಕಿದರೆ ಸಾಲಕ್ಕೆ ಇನ್ಶೂರೆನ್ಸ್ ಕಡ್ಡಾಯ. ಅದರ ಪ್ರೀಮಿಯಂ ಕೊಡುವವರು ಸಾಲಗಾರರು, ಕಾಪಾಡುವುದು ಮಾತ್ರ ಬ್ಯಾಂಕನ್ನು!

ಇನ್ನೊಂದು ಗುಟ್ಟು, ಇಲ್ಲಿ ಪೈಪೋಟಿ ಕಡಿಮೆ. ದೊಡ್ಡ ಬ್ಯಾಂಕಿನ ವೋಟಿನ ಷೇರನ್ನು ಯಾರೊಬ್ಬರೂ ಶೇ. 20ಕ್ಕಿಂತ ಹೆಚ್ಚು ಹಿಡಿಯುವ ಹಾಗಿಲ್ಲ, ಹೀಗಾಗಿ ಹೊರಗಿನವರು ಬಂದು ನುಂಗುವುದು ಕಷ್ಟ. ತಾವೇ ಒಬ್ಬರನ್ನೊಬ್ಬರು ನುಂಗಲೂ ಬಿಡುವುದಿಲ್ಲ. 1998ರಲ್ಲಿ ರಾಯಲ್ ಬ್ಯಾಂಕ್ ಮಾಂಟ್ರಿಯಲ್ ಜೊತೆ, ಟಿಡಿ ಸಿಐಬಿಸಿ ಜೊತೆ ಸೇರಲು ಹೊರಟಾಗ ಅಂದಿನ ಹಣಕಾಸು ಮಂತ್ರಿ ಪಾಲ್ ಮಾರ್ಟಿನ್ ಎರಡಕ್ಕೂ ಆಗುವುದಿಲ್ಲ ಅಂದುಬಿಟ್ಟರು. ಸಣ್ಣವರನ್ನು ಮಾತ್ರ ತೆಗೆದುಕೊಳ್ಳುತ್ತಾ ಬಂದಿದ್ದಾರೆ. 2024ರಲ್ಲಿ ಎಚ್‌ಎಸ್‌ಬಿಸಿಯ ಕೆನಡಾ ವ್ಯವಹಾರ ರಾಯಲ್ ಬ್ಯಾಂಕಿಗೆ, 2025ರಲ್ಲಿ ಕೆನೇಡಿಯನ್ ವೆಸ್ಟರ್ನ್ ಬ್ಯಾಂಕು ನ್ಯಾಷನಲ್ ಬ್ಯಾಂಕಿಗೆ ಹೋಯಿತು. ಗಿರಾಕಿಯಾಗಿ ನನಗೆ ಇದು ಕೆಟ್ಟ ಸುದ್ದಿ. ಷೇರುದಾರನಾದರೆ ಒಳ್ಳೇ ಸುದ್ದಿ. ಒಬ್ಬನೇ ಮನುಷ್ಯನಿಗೆ ಎರಡೂ ಆಗುವುದು ಎಂಥ ವಿಚಿತ್ರ!

2008ರ ಕತೆಯನ್ನಂತೂ ಇಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಅಮೆರಿಕ, ಇಂಗ್ಲೆಂಡಿನಲ್ಲಿ ಸರ್ಕಾರವೇ ಬ್ಯಾಂಕುಗಳಿಗೆ ಬಂಡವಾಳ ಹಾಕಿ ಉಳಿಸಿಕೊಂಡಿತು, ಇಲ್ಲಿ ಆರರಲ್ಲಿ ಒಬ್ಬರೂ ಹಾಗೆ ಕೈಚಾಚಲಿಲ್ಲ, ಡಿವಿಡೆಂಡೂ ಕಡಿತ ಮಾಡಲಿಲ್ಲ. ಬ್ಯಾಂಕ್ ಆಫ್ ಮಾಂಟ್ರಿಯಲ್ ಷೇರು 2007ರಲ್ಲಿ 70 ಡಾಲರಿನ ಆಸುಪಾಸು ಇದ್ದದ್ದು 2009ರ ಆರಂಭದಲ್ಲಿ 25ರ ಹತ್ತಿರ ಬಿದ್ದಿತ್ತು. ಆದರೂ ಮೂರು ತಿಂಗಳಿಗೆ 70 ಸೆಂಟಿನಂತೆ ವರ್ಷಕ್ಕೆ 2 ಡಾಲರ್ 80 ಸೆಂಟು ಕೊಡುತ್ತಲೇ ಇತ್ತು. 25ಕ್ಕೆ ತಗೊಂಡವನಿಗೆ ಡಿವಿಡೆಂಡೇ ಶೇ. 11! ಹಬ್ಬದ ಊಟದ ಸ್ನೇಹಿತರು ಇದನ್ನು ಹೇಳುವಾಗ ಅವರ ಕಣ್ಣು ಹೊಳೆಯುತ್ತಿತ್ತು.

ಇಷ್ಟು ಓದಿದ ಮೇಲೆ ನನಗೆ ಆವೇಶ ಬಂತು. 58 ಸಾವಿರವನ್ನೂ ಈ ಆರು ಬ್ಯಾಂಕಿಗೆ ಹಾಕಿಬಿಡುವುದು, ಅಪ್ಪನ ಹೆಸರಿನಲ್ಲಿ ಡಿವಿಡೆಂಡ್ ಬರುತ್ತಾ ಇರಲಿ, ಇದೂ ಒಂದು ಥರದ ಪಿಗ್ಮಿಯೇ, ಉಲ್ಟಾ ಪಿಗ್ಮಿ, ದುಡ್ಡು ಅವರೇ ತಂದುಕೊಡುವುದು... ಹೀಗೆಲ್ಲ ಅಂದುಕೊಂಡು ರಾತ್ರಿ ಊಟದ ಮೇಜಿನಲ್ಲಿ ಹೆಂಡತಿಗೆ ಅರ್ಧ ಗಂಟೆ ಭಾಷಣ ಬಿಗಿದೆ.

ಅವಳು ಮೈಸೂರಿನವಳು, ಪೂರ್ತಿ ಕೇಳಿಸಿಕೊಂಡೇ ಮಾತಾಡುವುದು. "ರೀ, ನಿಮ್ಮ ಸಂಬಳ ಬರೋದು ಬ್ಯಾಂಕಿಂದ. ಮನೆ ಸಾಲ ಬ್ಯಾಂಕಿಂದ. ಈಗ ಮಾವನ ದುಡ್ಡೂ ಬ್ಯಾಂಕಿಗೇನಾ?"

ನನ್ನ ಭಾಷಣ ಅಲ್ಲಿಗೇ ನಿಂತಿತು.

ಅವಳು ಹೇಳಿದ್ದು ನಿಜ. ನಾನು ಕಾಂಟ್ರಾಕ್ಟಿನ ಮೇಲೆ ಬ್ಯಾಂಕೊಂದರ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವನು. 2023ರ ಕೊನೆಯಲ್ಲಿ ಇಲ್ಲಿನ ಬ್ಯಾಂಕುಗಳು ಒಂದಾದ ಮೇಲೊಂದು ಜನರನ್ನು ಕಡಿಮೆ ಮಾಡಿದವು. ಆಗ ನಾನಿದ್ದ ಜಾಗದಲ್ಲೂ ಕಾಂಟ್ರಾಕ್ಟು ಮುಂದುವರಿಸಲಿಲ್ಲ. ನಾಲ್ಕು ತಿಂಗಳು ಮನೆಯಲ್ಲಿ ಕೂತಿದ್ದೆ. ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು ಬಂದು ಕಿಟಕಿಯಿಂದ ಹಿಮ ನೋಡುತ್ತಾ ಕೂರುವುದು, ಆ ದಿನಗಳನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಖರ್ಚು ಕಡಿಮೆ ಮಾಡಿದೆವು ಅಂತ ಬ್ಯಾಂಕು ಹೇಳಿದರೆ ಷೇರುದಾರನಿಗೆ ಖುಷಿ. ಆ ಖರ್ಚು ನಾನೇ ಆಗಿದ್ದೆ!

ಹಾಗಾದರೆ ಮತ್ತೆ ಅಂಥದೇ ಕೆಟ್ಟ ಕಾಲ ಬಂದರೆ ಏನಾಗುತ್ತದೆ ಅಂತ ಯೋಚಿಸಿದೆ. ಜನರ ಕೆಲಸ ಹೋಗುತ್ತದೆ, ಸಾಲದ ಕಂತು ನಿಲ್ಲುತ್ತದೆ, ಮನೆಯ ಬೆಲೆ ಇಳಿಯುತ್ತದೆ, ಬ್ಯಾಂಕಿನ ಷೇರು ಬೀಳುತ್ತದೆ, ಬ್ಯಾಂಕು ಮೊದಲು ಕಾಂಟ್ರಾಕ್ಟಿನವರನ್ನು ಕಳಿಸುತ್ತದೆ. ಅಂದರೆ ನನ್ನ ಕೆಲಸ, ನನ್ನ ಮನೆ, ನನ್ನ ಷೇರು ಮೂರೂ ಒಂದೇ ವಾರದಲ್ಲಿ ಮಕಾಡೆ. ಷೇರಿನ ದುಡ್ಡು ನನಗೆ ಬೇಕಾಗುವುದು ಸರಿಯಾಗಿ ಅದು ಬಿದ್ದಿರುವ ದಿನವೇ. 2009ರಲ್ಲಿ 25 ಡಾಲರಿಗೆ ಕೊಂಡವನು ಜಾಣ ಅಂತ ಎಲ್ಲರೂ ಹೇಳುತ್ತಾರೆ. ಅವತ್ತು 25ಕ್ಕೆ ಮಾರಿದವನೂ ಒಬ್ಬ ಇದ್ದನಲ್ಲ? ಅವನೇನು ದಡ್ಡನಾಗಿರಲಿಕ್ಕಿಲ್ಲ. ಅವನಿಗೆ ಮನೆ ಬಾಡಿಗೆ ಕಟ್ಟಬೇಕಾಗಿತ್ತೋ ಏನೋ.

ಆಮೇಲೆ ನಾಣ್ಯದ ಇನ್ನೊಂದು ಮುಖವನ್ನೂ ಓದಿದೆ. ಇಲ್ಲಿ ಬ್ಯಾಂಕು ಮುಳುಗುವುದೇ ಇಲ್ಲ ಅನ್ನುವುದು ಸುಳ್ಳು. 1923ರಲ್ಲಿ ಹೋಮ್ ಬ್ಯಾಂಕ್ ಮುಳುಗಿತ್ತು. 1985ರಲ್ಲಿ ಆಲ್ಬರ್ಟಾದ ಕೆನೇಡಿಯನ್ ಕಮರ್ಶಿಯಲ್ ಬ್ಯಾಂಕ್, ನಾರ್ತ್‌ಲ್ಯಾಂಡ್ ಬ್ಯಾಂಕ್ ಎರಡೂ ಹೋದವು. ಎರಡೂ ಎಣ್ಣೆ, ಜಮೀನಿನ ವ್ಯವಹಾರವನ್ನು ನೆಚ್ಚಿಕೊಂಡ ಪ್ರಾಂತ್ಯದ ಸಣ್ಣ ಬ್ಯಾಂಕುಗಳು. ಡಿವಿಡೆಂಡ್ ಕಡಿತವೂ ಆಗಿದೆ. ಆರರ ಪಟ್ಟಿಗೆ ಸೇರದ ಲಾರೆಂಟಿಯನ್ ಬ್ಯಾಂಕ್ 2020ರಲ್ಲಿ ಮೂರು ತಿಂಗಳ ಡಿವಿಡೆಂಡನ್ನು 67 ಸೆಂಟಿನಿಂದ 40ಕ್ಕೆ ಇಳಿಸಿತು. ಅದೇ ವರ್ಷದ ಮಾರ್ಚಿನಲ್ಲಿ ನಿಯಂತ್ರಕರು ಯಾವ ಬ್ಯಾಂಕೂ ಡಿವಿಡೆಂಡ್ ಏರಿಸಬಾರದು ಅಂದರು, 2021ರ ನವೆಂಬರಿನವರೆಗೆ ಆ ಕಟ್ಟು ಬಿಚ್ಚಲಿಲ್ಲ. 2008ರಲ್ಲೂ ಯಾರ ಸಹಾಯವೂ ಇಲ್ಲದೆ ನಿಂತರು ಅನ್ನುವುದು ಅರ್ಧ ಸತ್ಯ. ಸರ್ಕಾರ ತನ್ನ ಗೃಹಸಾಲದ ಸಂಸ್ಥೆಯ ಮೂಲಕ ಬ್ಯಾಂಕುಗಳಿಂದ ಸುಮಾರು 69 ಬಿಲಿಯನ್ ಡಾಲರಿನ ಇನ್ಶೂರೆನ್ಸ್ ಇದ್ದ ಸಾಲಗಳನ್ನು ಕೊಂಡು ಕೈಗೆ ನಗದು ಕೊಟ್ಟಿತ್ತು.

ದೊಡ್ಡವರೂ ಎಡವುತ್ತಾರೆ. ಟಿಡಿಯ ಅಮೆರಿಕದ ವ್ಯವಹಾರದಲ್ಲಿ ಕಳ್ಳದುಡ್ಡು ತಡೆಯುವ ಏರ್ಪಾಡು ಸರಿ ಇರಲಿಲ್ಲ ಅಂತ 2024ರ ಅಕ್ಟೋಬರಿನಲ್ಲಿ ಅದು ತಪ್ಪೊಪ್ಪಿಕೊಂಡು 3 ಬಿಲಿಯನ್ ಅಮೆರಿಕನ್ ಡಾಲರಿಗೂ ಹೆಚ್ಚು ದಂಡ ಕಟ್ಟಿತು. ಅಲ್ಲಿ ಇನ್ನು ಇಷ್ಟಕ್ಕಿಂತ ದೊಡ್ಡದಾಗಬಾರದು ಅಂತ ಗೆರೆಯನ್ನೂ ಎಳೆದರು. 2024ರ ಕೊನೆಗೆ 75ರ ಹತ್ತಿರ ಇದ್ದ ಅದರ ಷೇರು 2025ರ ಬೇಸಿಗೆಯಲ್ಲಿ 100 ದಾಟಿತು. ದಂಡ ಕಟ್ಟಿದ ದಿನ ಇದನ್ನು ಯಾರು ಊಹಿಸಿದ್ದರು ಹೇಳಿ? ಸ್ಕೋಶಿಯಾಬ್ಯಾಂಕ್ ಷೇರು 2022ರ ಆರಂಭದಲ್ಲಿ 95ರ ಹತ್ತಿರ ಇದ್ದದ್ದು 2023ರ ಅಕ್ಟೋಬರಿನಲ್ಲಿ 60ಕ್ಕಿಂತ ಕೆಳಗೆ ಇಳಿದಿತ್ತು. ಡಿವಿಡೆಂಡ್ ಏನೋ ಬರುತ್ತಿತ್ತು. ಆದರೆ ಎಡಗೈಯಲ್ಲಿ ನಾಲ್ಕು ಡಾಲರ್ ಕೊಟ್ಟು ಬಲಗೈಯಲ್ಲಿ ಮೂವತ್ತು ಕಿತ್ತುಕೊಂಡರೆ ಅದನ್ನು ಆದಾಯ ಅನ್ನುವುದು ಹೇಗೆ?

ಎಲ್ಲಕ್ಕಿಂತ ದೊಡ್ಡ ಚಿಂತೆ ನಮ್ಮಂಥವರದ್ದೇ. ಕೆನಡಾದ ಕುಟುಂಬಗಳಿಗೆ ವರ್ಷದಲ್ಲಿ ಕೈಗೆ ಬರುವ ಪ್ರತಿ 1 ಡಾಲರಿಗೆ 1 ಡಾಲರ್ 70 ಸೆಂಟಿಗೂ ಹೆಚ್ಚು ಸಾಲ ಉಂಟು. ಹೆಚ್ಚಿನದ್ದು ಮನೆ ಸಾಲ. ಅಮೆರಿಕದ ಹಾಗೆ 30 ವರ್ಷಕ್ಕೆ ಒಂದೇ ಬಡ್ಡಿ ಅಂತ ಇಲ್ಲಿ ಇಲ್ಲ, ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಹೊಸ ಬಡ್ಡಿ. ನಾವು ಮನೆ ತಗೊಂಡದ್ದು 2020ರ ಅಕ್ಟೋಬರಿನಲ್ಲಿ. ಬ್ಯಾಂಕ್ ಆಫ್ ಕೆನಡಾದ ದರ ಆಗ 0.25 ಇತ್ತು, ನಮಗೆ ಶೇ. 1.89ಕ್ಕೆ ಸಾಲ ಸಿಕ್ಕಿತ್ತು. ಆ ದರ 2023ರ ಜುಲೈ ಹೊತ್ತಿಗೆ 5ಕ್ಕೆ ಏರಿ 2024ರ ಜೂನ್‌ನಿಂದ ಇಳಿಯತೊಡಗಿತು. 2025ರ ಅಕ್ಟೋಬರಿನಲ್ಲಿ ನಮ್ಮ ಸರದಿ ಬಂದಾಗ ಸಿಕ್ಕಿದ್ದು ಶೇ. 4.19. ಬಾಕಿ ಸಾಲ 4 ಲಕ್ಷ 51 ಸಾವಿರ. ತಿಂಗಳ ಕಂತು 500 ಡಾಲರಿಗೂ ಹೆಚ್ಚು ಏರುತ್ತಿತ್ತು.

ಆಗ ನನಗೆ ಹೊಳೆದದ್ದು ತುಂಬ ಸರಳವಾದ ಲೆಕ್ಕ. ಸಾಲ ಹೊಸದಾಗುವ ದಿನ ಎಷ್ಟು ಬೇಕಾದರೂ ದಂಡವಿಲ್ಲದೆ ತೀರಿಸಬಹುದು. 30 ಸಾವಿರ ತೀರಿಸಿದರೆ ವರ್ಷಕ್ಕೆ ಸುಮಾರು 1,257 ಡಾಲರ್ ಬಡ್ಡಿ ಉಳಿಯುತ್ತದೆ. ಅದಕ್ಕೆ ತೆರಿಗೆ ಇಲ್ಲ, ಏರಿಳಿತ ಇಲ್ಲ, ಯಾವ ಮಂತ್ರಿ ಬದಲಾದರೂ ಅದು ಬದಲಾಗುವುದಿಲ್ಲ. ಅದೇ 30 ಸಾವಿರಕ್ಕೆ ಶೇ. 4 ಡಿವಿಡೆಂಡಿನ ಬ್ಯಾಂಕ್ ಷೇರು ಕೊಂಡರೆ 1,200. ಮೇಲೆ ಬೆಲೆ ಏರಬಹುದು, ಇಳಿಯಲೂಬಹುದು. ಹತ್ತಿಪ್ಪತ್ತು ವರ್ಷ ಮುಟ್ಟದೆ ಇರಬಲ್ಲವನಿಗೆ ಷೇರೇ ಮೇಲು ಅಂತ ಹಳೇ ಲೆಕ್ಕಗಳು ಹೇಳುತ್ತವೆ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಾನು ಮುಟ್ಟದೆ ಇರಬಲ್ಲೆನೇ? ಆ ನಾಲ್ಕು ತಿಂಗಳ ಹಿಮ ನೋಡಿದವನಿಗೆ ಉತ್ತರ ಗೊತ್ತಿತ್ತು.

ಕೊನೆಗೆ ಮಾಡಿದ್ದು ಇಷ್ಟು. 30 ಸಾವಿರ ಮನೆ ಸಾಲಕ್ಕೆ. ಕಂತಿನ ಏರಿಕೆ 500ರಿಂದ ಸುಮಾರು 330ಕ್ಕೆ ಇಳಿಯಿತು. 10 ಸಾವಿರ ಒಂದು ವರ್ಷದ ಜಿಐಸಿಗೆ, ಅಂದರೆ ಇಲ್ಲಿನ ಎಫ್‌ಡಿ. ಕೆಲಸ ಹೋದರೆ, ಅಮ್ಮನಿಗೆ ಏನಾದರೂ ಆಗಿ ಟಿಕೆಟ್ ತಗೊಂಡು ಓಡಬೇಕಾದರೆ ಅದು. ಇಂಥ ಠೇವಣಿಗೆ 1 ಲಕ್ಷ ಡಾಲರಿನವರೆಗೆ ಸರ್ಕಾರಿ ವಿಮೆ ಉಂಟು, ಷೇರಿಗೆ ಇಲ್ಲ. ಉಳಿದ 18 ಸಾವಿರವನ್ನು ಟಿಎಫ್‌ಎಸ್‌ಎ ಖಾತೆಗೆ ಹಾಕಿದೆ. 2009ರಲ್ಲಿ ಬಂದ ಈ ಖಾತೆಯಲ್ಲಿ ಬೆಳೆದದ್ದಕ್ಕೆ ಕೆನಡಾದ ತೆರಿಗೆ ಇಲ್ಲ. ಅದರಲ್ಲಿ 10 ಸಾವಿರ ಪ್ರಪಂಚದ ಎಲ್ಲ ದೇಶದ ಕಂಪನಿಗಳಿರುವ ಫಂಡಿಗೆ. 8 ಸಾವಿರ ಮಾತ್ರ ಆರೂ ಬ್ಯಾಂಕುಗಳನ್ನು ಸಮಸಮವಾಗಿ ಹಿಡಿದಿರುವ ಒಂದು ಇಟಿಎಫ್‌ಗೆ. ಯಾವ ಬ್ಯಾಂಕು ಎಡವುತ್ತದೆ, ಯಾವುದು ಏಳುತ್ತದೆ ಅಂತ ಊಹಿಸುವ ತಲೆನೋವೇ ಬೇಡ ಅಂತ.

ಹಬ್ಬದ ಊಟದ ಸ್ನೇಹಿತರಿಗೆ ಫೋನ್ ಮಾಡಿ ಹೇಳಿದೆ. "ಬರೀ ಎಂಟಾ?" ಅಂದರು. ನಕ್ಕು ಸುಮ್ಮನಾದೆ. ಅವರ ಮನೆ ಸಾಲ ತೀರಿ ಹದಿನೈದು ವರ್ಷ ಆಗಿದೆ, ಪಿಂಚಣಿ ಬರುತ್ತಿದೆ. ಅವರಿಗೆ ಸರಿಯಾದದ್ದು ನನಗೂ ಸರಿಯಾಗಬೇಕು ಅಂತೇನಿಲ್ಲ. ನನಗೆ ಸರಿಯಾದದ್ದು ನಿಮಗೂ ಆಗಬೇಕಿಲ್ಲ, ಇದನ್ನೋದಿ ಯಾರೂ ಷೇರು ಕೊಳ್ಳಲು ಓಡಬೇಡಿ ಮಹರಾಯರೇ, ಆಮೇಲೆ ನನ್ನನ್ನು ಬೈಯ್ಯಬೇಡಿ :-)

ಮೊದಲ ತಿಂಗಳ ಡಿವಿಡೆಂಡ್ ಬಂತು. 24 ಡಾಲರ್. ಇಂಡಿಯನ್ ಅಂಗಡಿಯಲ್ಲಿ ಒಂದು ಚೀಲ ಕುಚ್ಚಲಕ್ಕಿ ತಂದೆ. ಭಾನುವಾರ ಅಮ್ಮನಿಗೆ ವೀಡಿಯೋ ಕಾಲ್ ಮಾಡಿದಾಗ ಅಕ್ಕಿ ತೋರಿಸಿ ವಿಷಯ ಹೇಳಿಯೇಬಿಟ್ಟೆ, ಅಳುಕುತ್ತಲೇ.

"ಬ್ಯಾಂಕಿನವರು ಕೊಟ್ಟದ್ದಾ? ಬಡ್ಡಿಯಾ?" ಅಂತ ಕೇಳಿದರು.

"ಬಡ್ಡಿ ಅಲ್ಲ ಅಮ್ಮ. ಲಾಭದಲ್ಲಿ ಪಾಲು."

"ನಷ್ಟ ಆದರೆ?"

"ಅದರಲ್ಲೂ ಪಾಲು."

ಷೇರು ಅನ್ನುವ ಶಬ್ದ ಇಬ್ಬರ ಬಾಯಲ್ಲೂ ಬರಲಿಲ್ಲ. ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಬೈಗುಳ ಬರುತ್ತದೆ ಅಂತ ಕಾಯುತ್ತಾ ಇದ್ದೆ.

"ಹಾಗಾದರೆ ಅಂಗಡಿಯ ಹಾಗೇ ಆಯಿತಲ್ಲ," ಅಂದರು. "ಮಳೆ ಬಾರದ ವರ್ಷ ಅಪ್ಪ ತಂದಿಟ್ಟ ಕೊಡೆ ಎಲ್ಲ ಹಾಗೇ ಉಳೀತಿತ್ತು. ಅನ್ನ ಎಂತದ್ದು, ಚೆನ್ನಾಗಿ ಬೆಂದಿದೆಯಾ?"